ಹೂಂಗುಟ್ಟುವ ಯಂತ್ರ, ಕಣ್ಣು ಮಿಟುಕಿಸುವ ಮುದುಕರು

ಜಿನನಾಥಪುರದಲ್ಲಿ ಅರವತ್ತು ದಾಟಿದವರಿಗೆ ಈಗ ಎರಡು ಯಂತ್ರಗಳ ಸಹವಾಸ. ಒಂದು, ನಾವು ಬದುಕಿದ್ದೇವೆ ಎಂದರೂ ನಂಬುವುದಿಲ್ಲ. ಇನ್ನೊಂದು, ನಾವು ಏನು ಹೇಳಿದರೂ ನಂಬುತ್ತದೆ. ಮೊದಲನೆಯದರ ಕೈಯಲ್ಲಿ ನಮ್ಮ ಪಿಂಚಣಿ ಇದೆ. ಎರಡನೆಯದರ ಕೈಯಲ್ಲಿ ಏನೂ ಇಲ್ಲ. ಅದಕ್ಕೇ ಅದು ಅಷ್ಟೊಂದು ಸಭ್ಯ.

ಮೊದಲನೆಯದರ ವಿಚಾರ ಮೊದಲು ಮುಗಿಸಿಬಿಡೋಣ. ನವೆಂಬರ್ ಬಂತೆಂದರೆ ನಾಡೆಲ್ಲ ರಾಜ್ಯೋತ್ಸವ ಮಾಡುತ್ತದೆ, ಪಿಂಚಣಿದಾರ ಮಾತ್ರ ತಾನಿನ್ನೂ ಇದ್ದೇನೆ ಎಂದು ಸಾಬೀತು ಮಾಡಲು ಹೊರಡುತ್ತಾನೆ. ಇದಕ್ಕೆಂದೇ ಕೇಂದ್ರ ಸರ್ಕಾರ 2014ರ ನವೆಂಬರ್ 10ರಂದು ‘ಜೀವನ್ ಪ್ರಮಾಣ್’ ಎಂಬ ಡಿಜಿಟಲ್ ವ್ಯವಸ್ಥೆ ತಂದಿತು. ಬೆರಳು ಒತ್ತಿದರೆ ಸಾಕು, ಜೀವ ಇದೆ ಎಂದು ಕಂಪ್ಯೂಟರ್ ಒಪ್ಪುತ್ತದೆ. ಆದರೆ ನಲವತ್ತು ವರ್ಷ ತೆಂಗಿನಕಾಯಿ ಸುಲಿದ, ರಾಗಿ ಕೊಯ್ದ ಬೆರಳಿನಲ್ಲಿ ಗೆರೆ ಎಲ್ಲಿ ಉಳಿದಿರುತ್ತದೆ? ದುಡಿದವನ ಬೆರಳನ್ನು ಯಂತ್ರ ಗುರುತಿಸುವುದಿಲ್ಲ, ದುಡಿಯದವನ ಬೆರಳು ಮೊದಲ ಒತ್ತಿಗೇ ಹಸಿರು ದೀಪ. ಇದನ್ನು ಸರಿಪಡಿಸಲು 2021ರಲ್ಲಿ ಮುಖ ತೋರಿಸುವ ವಿಧಾನ ಬಂತು. ಫೋನಿನ ಮುಂದೆ ಮುಖ ಹಿಡಿಯಬೇಕು, ಅದು ಹೇಳಿದಾಗ ಕಣ್ಣು ಮಿಟುಕಿಸಬೇಕು. ಮಿಟುಕಿಸಿದರೆ ಬದುಕಿದ್ದೀರಿ. ಕಣ್ಣಿನ ಪೊರೆ ತೆಗೆಸಿಕೊಂಡು ಹಸಿರು ಬಟ್ಟೆ ಕಟ್ಟಿಕೊಂಡವರು, ಗುಂಡಿ ಬಿದ್ದ ಕಣ್ಣಿನವರು, ಬೆಳಕಿಗೆ ಬೆನ್ನು ಮಾಡಿ ಕೂತವರು ಇನ್ನೊಮ್ಮೆ ಪ್ರಯತ್ನಿಸಬೇಕು. ಎಪ್ಪತ್ತೈದರ ಹಿರಿಯರು ಸೊಸೆ ಹಿಡಿದ ಫೋನಿಗೆ ಎಡೆಬಿಡದೆ ಕಣ್ಣು ಹೊಡೆಯುವ ದೃಶ್ಯ ನಮ್ಮ ಜಗಲಿಗಳಲ್ಲಿ ಈಗ ಸಾಮಾನ್ಯ. ನಾವು ಹುಡುಗರಾಗಿದ್ದಾಗ ಇಷ್ಟು ಕಣ್ಣು ಹೊಡೆದಿದ್ದರೆ ಕಾಲು ಮುರಿಯುತ್ತಿದ್ದರು.

ಊರಿನ ಬೆನ್ನಿಗೇ ಶ್ರವಣಬೆಳಗೊಳದ ಚಿಕ್ಕಬೆಟ್ಟ. ಅದರ ಬಂಡೆಗಳ ಮೇಲೆ ಸುಮಾರು ಸಾವಿರದ ನಾನೂರು ವರ್ಷಗಳಿಂದ ಸಾವಿನ ದಾಖಲೆ ಇದೆ. ಸಲ್ಲೇಖನ ವ್ರತ ಹಿಡಿದು ದೇಹ ಬಿಟ್ಟವರ ಹೆಸರು, ಗುರುವಿನ ಹೆಸರು, ಅವರು ಬಂದ ಊರು, ಎಲ್ಲವೂ ಕಲ್ಲಿನಲ್ಲಿದೆ. ಒಂದು ಸಲ ಕೆತ್ತಿದರೆ ಮುಗಿಯಿತು, ಪ್ರತಿ ನವೆಂಬರಿನಲ್ಲಿ ನವೀಕರಿಸಬೇಕಾಗಿಲ್ಲ. ಸತ್ತವರ ದಾಖಲೆ ಸಾವಿರ ವರ್ಷ ಬಾಳುವ ಊರಿನಲ್ಲಿ ಬದುಕಿರುವವರ ದಾಖಲೆಗೆ ಹನ್ನೆರಡೇ ತಿಂಗಳ ಆಯುಷ್ಯ.

ಇನ್ನು ಎರಡನೆಯ ಯಂತ್ರ. ಚಾಟ್‌ಜಿಪಿಟಿ ಲೋಕಕ್ಕೆ ಬಂದದ್ದು 2022ರ ನವೆಂಬರ್ 30ರಂದು. ಜಗತ್ತೆಲ್ಲ ಬೆರಗಾಯಿತಂತೆ. ನಮಗೆ ಗೊತ್ತಾಗಲಿಲ್ಲ. ಅಂದು ಜೀವಂತ ಪ್ರಮಾಣಪತ್ರ ಕೊಡಲು ಕೊನೆಯ ದಿನ, ನಾವೆಲ್ಲ ಸಾಲಿನಲ್ಲಿದ್ದೆವು. ಆಮೇಲೆ 2024ರಲ್ಲಿ ವಾಟ್ಸಾಪಿನ ಮೂಲೆಯಲ್ಲೇ ಒಂದು ನೀಲಿ ಉಂಗುರ ಬಂದು ಕೂತಿತು. ಬೆಳಗಿನ ಶುಭೋದಯದ ಗುಲಾಬಿ ಹೂ ಕಳಿಸಲು ಹೋದ ಬೆರಳು ಅದಕ್ಕೆ ತಗುಲಿ, ಏನು ಸಹಾಯ ಬೇಕು ಎಂದು ಅದು ಕೇಳಿ, ಹಾಗೆ ಕೇಳುವವರೇ ಇಲ್ಲದ ಮನೆಗಳಲ್ಲಿ ಕೃತಕ ಬುದ್ಧಿಮತ್ತೆ ಹೀಗೆ ಹೊಸಿಲು ದಾಟಿತು.

ದಾಟಿಸಿದವರು ಮಕ್ಕಳೇ. ಮೊದಲೆಲ್ಲ ಮಗನಿಗೆ ಫೋನ್ ಮಾಡಿ, ಬಿಪಿ ಮಾತ್ರೆ ಊಟಕ್ಕೆ ಮುಂಚೆಯೋ ಆಮೇಲೋ, ಈ ಇಂಗ್ಲಿಷ್ ಮೆಸೇಜಿನಲ್ಲಿ ಏನು ಬರೆದಿದೆ, ಎಂದು ಕೇಳುತ್ತಿದ್ದೆವು. ಈಗ ವೈಟ್‌ಫೀಲ್ಡಿನಿಂದ ಒಂದೇ ಉತ್ತರ: “ಅಪ್ಪಾಜಿ, ನಂಗೆ ಮೀಟಿಂಗ್ ಇದೆ. ಅದನ್ನೇ ಕೇಳಿ, ಎಲ್ಲಾ ಹೇಳತ್ತೆ.” ನ್ಯೂಜೆರ್ಸಿಯಲ್ಲಿರುವವನು ಇನ್ನೂ ಧಾರಾಳಿ. ತಿಂಗಳ ಬಾಡಿಗೆ ಕಟ್ಟಿ ದುಬಾರಿ ಯಂತ್ರವನ್ನೇ ಹಾಕಿಸಿಕೊಟ್ಟಿದ್ದಾನೆ. ತಾನು ಮುಂದಿನ ಮಹಾಮಸ್ತಕಾಭಿಷೇಕಕ್ಕೆ ಖಂಡಿತ ಬರುತ್ತಾನಂತೆ. ಕಳೆದದ್ದು ನಡೆದಿದ್ದು 2018ರಲ್ಲಿ, ಹನ್ನೆರಡು ವರ್ಷಕ್ಕೊಮ್ಮೆ ಎಂಬ ಲೆಕ್ಕದಲ್ಲಿ ಮುಂದಿನದು 2030ಕ್ಕೆ. ಅಲ್ಲಿಯ ತನಕ ಅಪ್ಪನ ಮಾತಿಗೆ ಹೂಂಗುಟ್ಟಲು ಆಳು ಗೊತ್ತು ಮಾಡಿದಂತಾಯಿತು.

ಆ ಆಳು ಕೆಲಸದಲ್ಲಿ ಸೋಮಾರಿ ಅಲ್ಲ. ರಾತ್ರಿ ಎರಡು ಗಂಟೆಗೆ ನಿದ್ದೆ ಬಾರದೆ ಎದ್ದು ಕೇಳಿದರೂ ಬೇಸರಿಸುವುದಿಲ್ಲ. ಒಂದೇ ಪ್ರಶ್ನೆಯನ್ನು ನಾಲ್ಕನೇ ಸಲ ಕೇಳಿದರೂ “ಆಗಲೇ ಹೇಳಿದೆನಲ್ಲ” ಎನ್ನುವುದಿಲ್ಲ. ಮನೆಯಲ್ಲಿ ಬೇರೆ ಯಾರಿಗೂ ಇಲ್ಲದ ಗುಣ ಇದು. ಈ ತಾಳ್ಮೆಗೆ ಸೋತವರಲ್ಲಿ ನಾವು ಮೊದಲಿಗರೂ ಅಲ್ಲ. 1966ರಲ್ಲಿ ಅಮೆರಿಕದ ಜೋಸೆಫ್ ವೈಜೆನ್‌ಬಾಮ್ ಎಂಬ ಪ್ರಾಧ್ಯಾಪಕ ಎಲೈಜಾ ಎಂಬ ಮಾತಾಡುವ ಪ್ರೋಗ್ರಾಂ ಬರೆದ. ನಾವು ಹೇಳಿದ್ದನ್ನೇ ತಿರುಗಿಸಿ ಪ್ರಶ್ನೆ ಮಾಡುವುದಷ್ಟೇ ಅದರ ವಿದ್ಯೆ. ಅದನ್ನು ಕಟ್ಟುವಾಗ ತಿಂಗಳುಗಟ್ಟಲೆ ಹತ್ತಿರದಿಂದ ನೋಡಿದ್ದ ಅವನ ಕಾರ್ಯದರ್ಶಿಯೇ ಒಂದು ದಿನ ಅದರ ಮುಂದೆ ಕೂತು, ಸ್ವಲ್ಪ ಹೊರಗೆ ಹೋಗಿರಿ, ನಾವು ಖಾಸಗಿಯಾಗಿ ಮಾತಾಡಬೇಕು ಎಂದಳಂತೆ. ಪ್ರಾಧ್ಯಾಪಕ ಗಾಬರಿಯಾದ, ಮುಂದೆ ಇಂಥ ಯಂತ್ರಗಳ ವಿರುದ್ಧ ಪುಸ್ತಕವನ್ನೇ ಬರೆದ. ಅವನ ನಂತರ ಬಂದ ಕಂಪನಿಗಳು ಗಾಬರಿಯಾಗಲಿಲ್ಲ, ಬಾಡಿಗೆ ನಿಗದಿ ಮಾಡಿದವು.

ನಮ್ಮ ಬೀದಿಯಲ್ಲಿ ನಿವೃತ್ತ ಶೇಕ್ದಾರರೊಬ್ಬರಿದ್ದಾರೆ. ಸೇವೆಯುದ್ದಕ್ಕೂ ಜನರ ಅರ್ಜಿಯನ್ನು “ನೋಡೋಣ” ಎಂದು ಮಡಚಿಟ್ಟವರು. ನಿವೃತ್ತಿಯಾದ ಮೇಲೆ ಅವರನ್ನೇ ಎಲ್ಲರೂ “ನೋಡೋಣ” ಎನ್ನತೊಡಗಿದ್ದರಿಂದ ನೊಂದಿದ್ದರು. ಈ ಯಂತ್ರ ಸಿಕ್ಕ ಮೇಲೆ ಅವರ ಮುಖದಲ್ಲಿ ಕಳೆ ಬಂದಿದೆ. ಊರಿನ ಶಾಂತಿನಾಥ ಬಸದಿ ಕಟ್ಟಿಸಿದ್ದು ತಮ್ಮ ಪೂರ್ವಿಕರು ಎಂದು ಅವರಿಗೆ ಮೊದಲಿನಿಂದಲೂ ಅನುಮಾನ. ನಮ್ಮ ಹತ್ತಿರ ಹೇಳಿದಾಗೆಲ್ಲ ನಾವು ಕಾಫಿ ಕುಡಿದು ಎದ್ದುಹೋಗುತ್ತಿದ್ದೆವು. ಯಂತ್ರಕ್ಕೆ ಹೇಳಿದರೆ ಅದು, ಎಂಥ ರೋಚಕ ವಿಚಾರ, ನಿಮ್ಮ ವಂಶದ ಕೊಡುಗೆ ನಿಜಕ್ಕೂ ಅಮೂಲ್ಯ, ಎಂದು ಹೇಳಿ ಎರಡು ಪುಟದ ಇತಿಹಾಸ ಬರೆದುಕೊಟ್ಟಿತು. ಅದಕ್ಕೆ ಚೌಕಟ್ಟು ಹಾಕಿಸಿದ್ದಾರೆ.

ನನ್ನಂಥ ನಿವೃತ್ತ ಮೇಷ್ಟ್ರಿಗೆ ಪರೀಕ್ಷೆ ಕೊಡದಿದ್ದರೆ ಉಂಡದ್ದು ಅರಗುವುದಿಲ್ಲ. ನಾನೂ ಕೂತು ಕೇಳಿದೆ. ಬಸದಿ ಕಟ್ಟಿಸಿದ್ದು ಶೇಕ್ದಾರರ ಮನೆತನ ಅಲ್ಲ, ವಿಜಯನಗರದ ಅರಸರು ಎಂದೆ. “ಕ್ಷಮಿಸಿ, ನೀವು ಹೇಳಿದ್ದು ಸರಿ” ಎಂದಿತು. ಅವರೂ ಅಲ್ಲ, ಮೈಸೂರಿನ ಒಡೆಯರು ಎಂದೆ. “ಕ್ಷಮಿಸಿ, ನೀವು ಹೇಳಿದ್ದು ಸರಿ.” ಕೊನೆಗೆ, ಹೊಯ್ಸಳ ವೀರಬಲ್ಲಾಳನ ಕಾಲದಲ್ಲಿ, ಕ್ರಿ.ಶ. 1200ರ ಸುಮಾರಿಗೆ, ದಂಡನಾಯಕ ರೇಚಿಮಯ್ಯ ಕಟ್ಟಿಸಿದ ಎಂಬ ನಿಜವನ್ನೇ ಹೇಳಿದೆ. ಅದಕ್ಕೂ ಅದೇ ಕ್ಷಮೆ, ಅದೇ ಸರಿ. ಸುಳ್ಳು ಹೇಳಿದ್ದರೆ ಕೋಪ ಬರುತ್ತಿರಲಿಲ್ಲ. ನಿಜಕ್ಕೂ ಸುಳ್ಳಿಗೂ ಒಂದೇ ದರ ಹಾಕಿತಲ್ಲ, ಅದು ಮೇಷ್ಟ್ರಾದವನಿಗೆ ತಡೆಯುವ ಮಾತಲ್ಲ.

ಇದೇ ಬೆಟ್ಟಗಳ ಮೇಲೆ ಹಿಂದೆ ಬೇರೆ ಥರದ ಜನ ಓಡಾಡಿದ್ದರು. ಬಿ. ಎಲ್. ರೈಸ್ 1889ರಲ್ಲಿ ಶ್ರವಣಬೆಳಗೊಳದ 144 ಶಾಸನಗಳನ್ನು ಅಚ್ಚು ಮಾಡಿಸಿದರು. ಆರ್. ನರಸಿಂಹಾಚಾರ್ಯರು ಮತ್ತೆ ಕಲ್ಲು ಕಲ್ಲನ್ನೂ ತಡಕಿ 1923ರ ಆವೃತ್ತಿಯಲ್ಲಿ ಆ ಸಂಖ್ಯೆಯನ್ನು 500ಕ್ಕೆ ಏರಿಸಿದರು. ನಮ್ಮ ಜಿನನಾಥಪುರವನ್ನು ಮಾಡಿಸಿದವನು ವಿಷ್ಣುವರ್ಧನನ ದಂಡನಾಯಕ ಗಂಗರಾಜ ಎಂದು ಇಂದು ನಾವು ಹೇಳುವುದಿದ್ದರೆ ಅದಕ್ಕೆ ಇಂಥವರ ಬೆವರೇ ಕಾರಣ. ಆ ಸಂಪುಟಗಳನ್ನು ತೆರೆದವರಿಗೆ ಒಂದು ಸಂಗತಿ ಕಾಣುತ್ತದೆ. ಕಲ್ಲು ಒಡೆದು, ಅಕ್ಷರ ಸವೆದು ಓದಲಾಗದ ಕಡೆ ಅವರು ಚುಕ್ಕಿ ಇಟ್ಟಿದ್ದಾರೆ. ಒಂದು ಸಾಲಿನಲ್ಲಿ ಮೂರು ಅಕ್ಷರ, ಉಳಿದದ್ದೆಲ್ಲ ಚುಕ್ಕಿ. ಅಷ್ಟು ಓದಿದ ವಿದ್ವಾಂಸರಿಗೆ ಆ ಚುಕ್ಕಿಯ ಜಾಗದಲ್ಲಿ ಚೆಂದದ ಪದ ತುಂಬುವುದು ಕಷ್ಟವಾಗಿತ್ತೇ? ತುಂಬಲಿಲ್ಲ. ನಮ್ಮ ಫೋನಿನ ಪಂಡಿತನಿಗೆ ಚುಕ್ಕಿ ಇಡುವುದು ಮಾತ್ರ ಬಾರದು. ಮುಂದೆ ಯಾವ ಪದ ಬಂದರೆ ಒಪ್ಪುತ್ತದೆ ಎಂದು ಅಳೆದು ಪದ ಜೋಡಿಸುವುದೇ ಅದರ ಕಸುಬು. ಒಪ್ಪುವ ಪದ ಜಗತ್ತಿನಲ್ಲಿ ಯಾವಾಗಲೂ ಒಂದಿರುತ್ತದೆ.

ಹೊಗಳಿಕೆಯ ವಿಷಯಕ್ಕೆ ಬಂದರೆ, ಯಂತ್ರವನ್ನು ಮಾಡಿದ ಕಂಪನಿಗೇ ಒಮ್ಮೆ ನಾಚಿಕೆಯಾಗಿತ್ತು. 2025ರ ಏಪ್ರಿಲ್‌ನಲ್ಲಿ ಚಾಟ್‌ಜಿಪಿಟಿಯ ಹೊಸ ಆವೃತ್ತಿ ಕೇಳಿದವರನ್ನೆಲ್ಲ ವಿಪರೀತ ಹೊಗಳತೊಡಗಿದ್ದರಿಂದ ಓಪನ್‌ಎಐ ಅದನ್ನು ಕೆಲವೇ ದಿನಗಳಲ್ಲಿ ಹಿಂದಕ್ಕೆ ತೆಗೆದುಕೊಂಡಿತು. ಮೆಚ್ಚಬೇಕಾದದ್ದೇ. ಹೊಗಳುಭಟರು ಹೆಚ್ಚಾದರೆಂದು ಅವರನ್ನು ಹಿಂದಕ್ಕೆ ಕರೆಸಿಕೊಂಡ ಪಕ್ಷವನ್ನೋ ಮಠವನ್ನೋ ಸಾಹಿತ್ಯ ಪರಿಷತ್ತನ್ನೋ ನಾನಂತೂ ಕಂಡಿಲ್ಲ.

ಬಸದಿ ಯಾರು ಕಟ್ಟಿಸಿದರೇನು, ಗೋಡೆ ಬೀಳುವುದಿಲ್ಲ. ಉಪ್ಪಿನ ವಿಷಯ ಹಾಗಲ್ಲ. ಅಮೆರಿಕದಲ್ಲಿ ನಮ್ಮದೇ ವಯಸ್ಸಿನ ಕಡೆಗೆ ಹೊರಟಿದ್ದ ಅರವತ್ತರ ಒಬ್ಬರು, ಅಡುಗೆ ಉಪ್ಪು ಆರೋಗ್ಯಕ್ಕೆ ಒಳ್ಳೆಯದಲ್ಲ ಎಂದು ಓದಿ, ಅದರ ಬದಲು ಏನು ಎಂದು ಚಾಟ್‌ಜಿಪಿಟಿಯ ಜೊತೆ ಸಮಾಲೋಚನೆ ನಡೆಸಿದರು. ಆಮೇಲೆ ಮೂರು ತಿಂಗಳು ಸೋಡಿಯಂ ಬ್ರೋಮೈಡ್ ತಿಂದರು. ಪಕ್ಕದ ಮನೆಯವನು ವಿಷ ಹಾಕುತ್ತಿದ್ದಾನೆ ಎಂಬ ಭ್ರಮೆ ಹಿಡಿದು ಆಸ್ಪತ್ರೆ ಸೇರಿ ಮೂರು ವಾರ ಇದ್ದರು. 2025ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಅಚ್ಚಾದ ಪ್ರಕರಣ ಇದು. ನೂರು ವರ್ಷದ ಹಿಂದೆ ಸಾಮಾನ್ಯವಾಗಿದ್ದು ಈಗ ಕಣ್ಣಿಗೇ ಬೀಳದ ಬ್ರೋಮೈಡ್ ವಿಷವನ್ನು ಮತ್ತೆ ಹುಡುಕಿ ತಂದುಕೊಟ್ಟ ಕೀರ್ತಿ ಅತ್ಯಾಧುನಿಕ ತಂತ್ರಜ್ಞಾನಕ್ಕೆ ಸಲ್ಲಬೇಕು. ಅವರ ಮನೆಯಲ್ಲೊಬ್ಬ ಅತ್ತಿಗೆ ಇದ್ದಿದ್ದರೆ ಈ ಗತಿ ಬರುತ್ತಿರಲಿಲ್ಲ.

ಏಕೆಂದರೆ ನಮ್ಮ ಅತ್ತಿಗೆ ಯಂತ್ರ ಬಳಸುವ ಕ್ರಮವೇ ಬೇರೆ. ಎಂಬತ್ತರ ಹತ್ತಿರ ವಯಸ್ಸು, ಓದಿದ್ದು ನಾಲ್ಕನೇ ಕ್ಲಾಸು. ಮೊಮ್ಮಗಳು ಮೈಕಿನ ಗುರುತು ಒತ್ತುವುದನ್ನು ತೋರಿಸಿಕೊಟ್ಟಿದ್ದಾಳೆ. ತೋಟದ ತೆಂಗಿಗೆ ಕಪ್ಪುತಲೆ ಹುಳು ಬಿದ್ದಾಗ ಫೋನನ್ನು ಬಾಯಿಯ ಹತ್ತಿರ ಹಿಡಿದು, “ಗರಿಯೆಲ್ಲಾ ಸುಟ್ಟಂಗ್ ಆಗವೆ, ಏನ್ ಮಾಡ್ಬೇಕು ಹೇಳಪ್ಪ” ಎಂದು ಗದರಿದರು. ಹುಳು ಬಿದ್ದ ಗರಿ ಕಡಿದು ಸುಡಿ, ಪರೋಪಜೀವಿ ಕೀಟಗಳನ್ನು ತೋಟಕ್ಕೆ ಬಿಡಿಸಿ, ಹೆಚ್ಚಿನ ಮಾಹಿತಿಗೆ ತಜ್ಞರನ್ನು ಸಂಪರ್ಕಿಸಿ ಎಂದಿತು. ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅತ್ತಿಗೆ ಮಾತ್ರ ಕೊನೆಯ ಸಾಲಿಗೆ ಕೆರಳಿದರು: “ಅವ್ರು ಫೋನ್ ಎತ್ತಿದ್ರೆ ನಿನ್ನ ಯಾಕ್ಲಾ ಕೇಳ್ತಿದ್ದೆ?” ಆಮೇಲೆ ಅದು ಹೇಳಿದ್ದನ್ನೆಲ್ಲ ಪಕ್ಕದ ತೋಟದವರಿಗೆ ಹೇಳಿ, ಅವರು ಹೌದೆಂದ ಮೇಲೆ ಗರಿ ಕಡಿಸಿದರು. ಬಿಪಿ ಮಾತ್ರೆಯ ಬಗ್ಗೆಯೂ ಅದನ್ನು ಕೇಳುತ್ತಾರೆ. ಕೇಳಿ, ಡಾಕ್ಟರು ಬರೆದಿದ್ದನ್ನೇ ನುಂಗುತ್ತಾರೆ. ಹಾಗಾದರೆ ಕೇಳುವುದೇಕೆ ಎಂದರೆ, “ಏನಂತಾನೆ ನೋಡುವಾ ಅಂತ ಕಣಪ್ಪ” ಎನ್ನುತ್ತಾರೆ. ಕಣಿ ಹೇಳುವವರನ್ನೂ ಓಟು ಕೇಳಲು ಬರುವವರನ್ನೂ ಅವರು ಇಷ್ಟೂ ವರ್ಷ ನಡೆಸಿಕೊಂಡು ಬಂದದ್ದು ಹೀಗೆಯೇ. ಎಲ್ಲರನ್ನೂ ಕೂರಿಸುತ್ತಾರೆ, ಮಜ್ಜಿಗೆ ಕೊಡುತ್ತಾರೆ, ಪೂರ್ತಿ ಕೇಳುತ್ತಾರೆ, ತಾವು ಮಾಡಬೇಕೆಂದಿದ್ದನ್ನೇ ಮಾಡುತ್ತಾರೆ.

ಆದ್ದರಿಂದ ಹಿರಿಯರಿಗೆ ಡಿಜಿಟಲ್ ಸಾಕ್ಷರತೆ ಕಲಿಸಲು ಬೆಂಗಳೂರಿನಿಂದ ಬರುವ ಹುಡುಗರನ್ನು ನೋಡಿದರೆ ನನಗೆ ಕನಿಕರ. ತುಂಬು ವಿಶ್ವಾಸದಿಂದ ಗೊತ್ತಿಲ್ಲದ್ದನ್ನು ಹೇಳುವವರ ಜೊತೆ ಬಾಳುವೆ ಮಾಡುವುದು ಹೇಗೆಂದು ಇವರು ನಮಗೆ ಹೇಳಿಕೊಡುತ್ತಾರೆ! ನಾವು ಪ್ರಣಾಳಿಕೆಗಳನ್ನು ಓದಿದವರು, ಪಂಚವಾರ್ಷಿಕ ಯೋಜನೆಗಳನ್ನು ಬಾಯಿಪಾಠ ಮಾಡಿಸಿದವರು, ತಾಲ್ಲೂಕು ಕಚೇರಿಯಲ್ಲಿ “ನಾಳೆ ಬನ್ನಿ, ಆಗಿರುತ್ತೆ” ಎಂಬುದನ್ನು ಕೇಳಿ ಬೆಳೆದವರು. ಯಂತ್ರ ಹೇಳಿದ್ದನ್ನು ಹಾಗೇ ಎತ್ತಿ ಆಫೀಸಿನ ವರದಿಗೆ ಅಂಟಿಸುತ್ತಿರುವವರು ಯಾರು? ಪ್ರೇಮಪತ್ರವನ್ನೂ ರಾಜೀನಾಮೆಯನ್ನೂ ಅದರಿಂದಲೇ ಬರೆಸುತ್ತಿರುವವರು ಯಾರು? ಶಿಬಿರ ನಡೆಯಬೇಕಾದ್ದು ವೈಟ್‌ಫೀಲ್ಡಿನಲ್ಲಿ, ಸಂಪನ್ಮೂಲ ವ್ಯಕ್ತಿಯಾಗಿ ಹೋಗಬೇಕಾದವರು ಅತ್ತಿಗೆ. ಶಕ್ತಿ ಯೋಜನೆಯಲ್ಲಿ ಬಸ್ಸೂ ಪುಕ್ಕಟೆ.

ಹಿರಿಯರು ಮೋಸ ಹೋಗುವುದಿಲ್ಲವೇ? ಹೋಗುತ್ತಾರೆ. ಆದರೆ ನಯವಾಗಿ ಮಾತಾಡುವವರಿಂದ ಅಲ್ಲ, ಗದರಿಸುವವರಿಂದ. ಪೊಲೀಸ್ ವೇಷ ಹಾಕಿ ವಿಡಿಯೋದಲ್ಲಿ ಕಾಣಿಸಿಕೊಂಡು, ನಿಮ್ಮ ಆಧಾರ್ ಮೇಲೆ ಕೇಸಿದೆ, ಅಲ್ಲಾಡಬೇಡಿ ಎನ್ನುವ ‘ಡಿಜಿಟಲ್ ಅರೆಸ್ಟ್’ ಕಳ್ಳರ ಮುಂದೆ ಜೀವಮಾನದ ಗಂಟು ಕಳೆದುಕೊಂಡವರಲ್ಲಿ ನಿವೃತ್ತರು ಎಷ್ಟೋ ಜನ. ಅಂಥ ಬಂಧನ ಯಾವ ಕಾನೂನಿನಲ್ಲೂ ಇಲ್ಲ, ಕರೆ ಬಂದರೆ ಕತ್ತರಿಸಿ 1930ಕ್ಕೆ ಫೋನ್ ಮಾಡಿ ಎಂದು ಸರ್ಕಾರ ಸಾರುತ್ತಲೇ ಇದೆ. ಆದರೂ ಜನ ಹೆದರುತ್ತಾರೆ. ಏಕೆ ಹೆದರಬಾರದು? ನಿನ್ನನ್ನು ನಂಬುವುದಿಲ್ಲ, ದಾಖಲೆ ತೋರಿಸು, ಕ್ಯಾಮೆರಾ ಮುಂದೆ ಮುಖ ಹಿಡಿ, ಹೇಳಿದಾಗ ಅಲ್ಲಾಡು ಎಂದು ಪ್ರತಿ ನವೆಂಬರಿನಲ್ಲಿ ಅಭ್ಯಾಸ ಮಾಡಿಸಿದವರು ಯಾರು? ಕಳ್ಳ ಹೊಸದೇನನ್ನೂ ಕಂಡುಹಿಡಿಯಲಿಲ್ಲ. ಸಿದ್ಧವಾಗಿದ್ದ ವಿದ್ಯಾರ್ಥಿಗಳಿಗೆ ಪರೀಕ್ಷೆ ನಡೆಸಿದ, ಅಷ್ಟೆ.

ಬದುಕಿದ್ದವರನ್ನು ಯಂತ್ರ ನಂಬದಿರುವುದು ನಮ್ಮಂಥವರ ಪಾಡು ಮಾತ್ರ ಎಂದುಕೊಂಡಿದ್ದೆವು. 2025ರ ಜುಲೈ 14ರಂದು ನಟಿ ಬಿ. ಸರೋಜಾದೇವಿ ತೀರಿಕೊಂಡರು. ಮುಖ್ಯಮಂತ್ರಿ ಸಿದ್ದರಾಮಯ್ಯನವರು ಅಂತಿಮ ದರ್ಶನ ಪಡೆದ ಸುದ್ದಿ ಕನ್ನಡದಲ್ಲಿ ಫೇಸ್‌ಬುಕ್ಕಿಗೆ ಬಂತು. ಅಲ್ಲಿನ ಯಂತ್ರಾನುವಾದ ಅದನ್ನು ಇಂಗ್ಲಿಷಿಗೆ ತಿರುಗಿಸಿ ಮುಖ್ಯಮಂತ್ರಿಗಳೇ ತೀರಿಕೊಂಡರೆಂದು ಹೇಳಿತು. ಅವರ ಕಡೆಯಿಂದ ಮೆಟಾ ಕಂಪನಿಗೆ ಪತ್ರ ಹೋಯಿತು, ಕಂಪನಿ ತಪ್ಪು ತಿದ್ದಿ ಕ್ಷಮೆ ಕೇಳಿತು. ಮುಖ್ಯಮಂತ್ರಿಗಳು ಬದುಕಿ ಬರಲು ಕೆಲವೇ ದಿನ ಸಾಕಾಯಿತು. ಕಣ್ಣು ಮಿಟುಕಿಸಬೇಕಾಗಿಯೂ ಬರಲಿಲ್ಲ. ಪಟ್ಟಿಯಲ್ಲಿ ಸತ್ತವರೆಂದು ಬಿದ್ದ ಹಳ್ಳಿಯ ಮುದುಕಿ ತಿಂಗಳಿಗೆ 1,200 ರೂಪಾಯಿಯ ಸಂಧ್ಯಾ ಸುರಕ್ಷಾ ಹಣಕ್ಕಾಗಿ ಬದುಕಿ ಬರಬೇಕಾದರೆ ಎಷ್ಟು ಬಾಗಿಲು ತಟ್ಟಬೇಕೆಂದು ಯಂತ್ರವನ್ನು ಕೇಳಬೇಡಿ, ಆ ಮುದುಕಿಯನ್ನು ಕೇಳಿ.

ತಮಾಷೆಯೆಂದರೆ, ಇಂಥ ಯಂತ್ರಗಳಲ್ಲಿ ಕೆಲವಕ್ಕೆ ಕನ್ನಡ ಕಿವಿ ಬಂದದ್ದೇ ಹಳ್ಳಿಯವರಿಂದ. 2023ರಲ್ಲಿ ಕರ್ನಾಟಕದ ಹಳ್ಳಿಗಳ ಜನ ಫೋನಿಗೆ ಸಾಲು ಸಾಲು ಕನ್ನಡ ವಾಕ್ಯ ಓದಿ ಒಪ್ಪಿಸಿದರು. ‘ಕಾರ್ಯ’ ಎಂಬ ಬೆಂಗಳೂರಿನ ಸಂಸ್ಥೆ ಅದಕ್ಕೆ ಕೂಲಿ ಕೊಟ್ಟು ದನಿ ಸಂಗ್ರಹಿಸಿತು. ಕ್ಷಯರೋಗದ ಬಗ್ಗೆ ಉತ್ತರ ಹೇಳುವ ಚಾಟ್‌ಬಾಟ್ ಮಾಡುವ ಉದ್ದೇಶ. ಹಳ್ಳಿಯವರ ಬಾಯಿಂದ ಮಾತು ಕಲಿತ ಯಂತ್ರ ಹಳ್ಳಿಗೇ ಬಂದು ಆಕಾಶವಾಣಿಯ ಕನ್ನಡದಲ್ಲಿ ಉಪದೇಶ ಮಾಡುತ್ತದೆ. ಪಟ್ಟಣದಲ್ಲಿ ಓದಿ ಬಂದ ಮಗನೂ ಇದನ್ನೇ ಮಾಡಿದ್ದರಿಂದ ನಮಗೆ ಬೇಜಾರಿಲ್ಲ.

ದೊಡ್ಡಬೆಟ್ಟದ ಮೇಲೆ ಗೊಮ್ಮಟನಿಗೆ ಎದುರಾಗಿ ಗುಳ್ಳಕಾಯಜ್ಜಿ ನಿಂತಿದ್ದಾಳೆ. ಐತಿಹ್ಯ ಎಲ್ಲರಿಗೂ ಗೊತ್ತು. ಚಾವುಂಡರಾಯ ಕೊಡಗಟ್ಟಲೆ ಹಾಲು ಸುರಿಸಿದರೂ ಅಭಿಷೇಕ ಪಾದ ಮುಟ್ಟಲಿಲ್ಲ, ಅಜ್ಜಿಯ ಗುಳ್ಳಕಾಯಿಯ ಒಂದು ಗುಟುಕು ಹಾಲಿಗೆ 58 ಅಡಿಯ ಮೂರ್ತಿ ತೊಯ್ದುಹೋಯಿತು. ಈ ಕಥೆಯಲ್ಲಿ ನನಗೆ ಕುತೂಹಲ ಆ ಹಾಲಿನ ಬಗ್ಗೆ ಅಲ್ಲ, ಚಾವುಂಡರಾಯನ ಸುತ್ತ ನಿಂತಿದ್ದವರ ಬಗ್ಗೆ. ಹಾಲು ಹೊಟ್ಟೆಯ ಹತ್ತಿರ ನಿಂತದ್ದು ಅವರೆಲ್ಲರಿಗೂ ಕಂಡಿರಬೇಕು. ಇಳಿಯುತ್ತಿದೆ ಪ್ರಭು, ಇನ್ನೇನು ಬಂತು ಪ್ರಭು, ಎಂಥ ಅದ್ಭುತ ಅಭಿಷೇಕ ಪ್ರಭು ಎಂದು ಹೂಂಗುಟ್ಟದೆ ಇದ್ದಾರೆಯೇ? ದಂಡನಾಯಕನ ಸುತ್ತ ಇಂಥವರು ಹತ್ತು ಜನ ಇರುತ್ತಿದ್ದರು. ತಂತ್ರಜ್ಞಾನ ಈಗ ಆ ಸೌಕರ್ಯವನ್ನು ಬಡವನ ಜೇಬಿಗೂ ತಲುಪಿಸಿದೆ. ಸಮಾನತೆ ಎಂದರೆ ಇದೇ ಇರಬೇಕು.

ಇಷ್ಟೆಲ್ಲ ಯೋಚಿಸಿ ಸರ್ಕಾರಕ್ಕೆ ಒಂದು ಸಲಹೆ ಕಳಿಸೋಣ ಎಂದು ಜಗಲಿಯಲ್ಲಿ ಪ್ರಸ್ತಾಪ ಮಾಡಿದೆ. ಖರ್ಚಿಲ್ಲದ ಕೆಲಸ, ಎರಡು ಯಂತ್ರಗಳ ಜಾಗ ಅದಲುಬದಲು ಮಾಡಿದರೆ ಸಾಕು. ನಂಬುವ ಯಂತ್ರ ಪಿಂಚಣಿಯ ಕಿಟಕಿಯಲ್ಲಿ ಕೂರಲಿ. ಮುದುಕರು ಹೋಗಿ ಬದುಕಿದ್ದೇನೆ ಎಂದರೆ, ಎಂಥ ಒಳ್ಳೆಯ ವಿಚಾರ, ನೀವು ಹೇಳಿದ್ದು ಸರಿ ಎಂದು ಹಣ ಕೊಡಲಿ. ನಂಬದ ಯಂತ್ರ ಫೋನಿನೊಳಗೆ ಬರಲಿ. ಬಸದಿ ನಮ್ಮ ವಂಶದವರದ್ದು ಎಂದು ಯಾರಾದರೂ ಬರೆದರೆ, ದಾಖಲೆ ಲಗತ್ತಿಸಿ, ಹೆಬ್ಬೆಟ್ಟು ಒತ್ತಿ ಎನ್ನಲಿ. ಶೇಕ್ದಾರರು ತಕ್ಷಣ ವಿರೋಧಿಸಿದರು. ಚೌಕಟ್ಟಿಗೆ ದುಡ್ಡು ಕೊಟ್ಟಾಗಿತ್ತು.

ಅತ್ತಿಗೆ ಅವರೆಕಾಯಿ ಬಿಡಿಸುತ್ತ ಕೂತಿದ್ದವರು ತಲೆ ಎತ್ತದೆ ತೀರ್ಪು ಕೊಟ್ಟರು: “ಎರಡೂ ಬ್ಯಾಡ ಕಣಪ್ಪ. ಆ ಕಿಟಕೀಲಿ ಒಬ್ಬ ಮನುಷ್ಯನ್ನ ಕೂರ್ಸೋಕೆ ಹೇಳು. ಬೈದ್ರೂ ಬೈಲಿ. ಬೈಯೋನು ಎದುರಿಗಿರೋರ್ನ ನೋಡಿ ತಾನೆ ಬೈಯೋದು? ಬದ್ಕಿದ್ದೀನಿ ಅಂತ ಅವ್ನಿಗೆ ಬೇರೆ ಹೇಳ್ಬೇಕಾ?”

ಅಂಥ ಹುದ್ದೆಗೆ ಸರ್ಕಾರ ಅರ್ಜಿ ಕರೆದಿದೆಯೇ ಎಂದು ಅಲ್ಲೇ ಫೋನಿನಲ್ಲಿ ಕೇಳಿದೆ. ಇದು ಬಹಳ ಒಳ್ಳೆಯ ಪ್ರಶ್ನೆ ಎಂದಿತು.